ಕಾರ್ಯಯೋಜನೆಯ ವಿದ್ಯೆಯೂ ಅದರ ಪರೀಕ್ಷೆಯೂ

(ಸಂಘದ ವಾರ್ಷಿಕೋತ್ಸವದ ಯುವಜನ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಂಥ ವೇದಿಕೆಯ ಮೇಲೆ ಕನ್ನಡ ಪಂಡಿತರು ನಿಂತರೆ ಕಾವ್ಯವನ್ನೋ ಛಂದಸ್ಸನ್ನೋ ಕುರಿತು ನಾಲ್ಕು ಮಾತನಾಡುವರೆಂದು ಸಭಿಕರು ನಿರೀಕ್ಷಿಸುವುದು ಸಹಜ. ಆದರೆ ಈ ವರ್ಷ ಸಂಘದ ಕಾರ್ಯಕಾರಿ ಸಮಿತಿಯವರು ನಮಗೆ ಒಪ್ಪಿಸಿರುವ ವಿಷಯ ಬೇರೆ. ಆದೋನಿ, ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಶಾಲೆಗಳಲ್ಲಿ ಅಕ್ಷರ ಕಲಿತ ನಮ್ಮ ಮಕ್ಕಳು ಇಂದು ಬೆಂಗಳೂರು, ಹೈದರಾಬಾದುಗಳ ಕಟ್ಟಡ ಸಂಸ್ಥೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಕಂಪ್ಯೂಟರ್ ಕಚೇರಿಗಳಲ್ಲಿಯೂ ದುಡಿಯುತ್ತಿದ್ದಾರೆ. ನಾಲ್ಕಾರು ವರ್ಷ ದುಡಿದ ಮೇಲೆ ಅವರಿಗೆ ಮೇಲಿನವರು ಹೇಳುವ ಮಾತೊಂದಿದೆ: "ಇನ್ನು ಮುಂದಕ್ಕೆ ಬರಬೇಕಾದರೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಪ್ರಮಾಣಪತ್ರ ಬೇಕು." ಹಬ್ಬಕ್ಕೆ ಊರಿಗೆ ಬರುವಾಗ ದಪ್ಪನಾದ ಇಂಗ್ಲಿಷ್ ಗ್ರಂಥವೊಂದು ಅವರ ಚೀಲದಲ್ಲಿ ಬರುತ್ತದೆ. ಅದನ್ನು ನೋಡಿದ ಹಿರಿಯರು, ಮತ್ತೊಂದು ಕಾಗದಕ್ಕಾಗಿ ಇಷ್ಟು ಹಣವೇ ಎನ್ನುತ್ತಾರೆ. ತರುಣರು, ಅದೊಂದು ದೊರೆತರೆ ಎಲ್ಲ ಬಾಗಿಲೂ ತೆರೆಯುವುದೆನ್ನುತ್ತಾರೆ. ನಾವು ಇವೆರಡನ್ನೂ ಒಪ್ಪುವುದಿಲ್ಲ. ಆ ಗ್ರಂಥದೊಳಗೆ ಒಂದು ನಿಜವಾದ ವಿದ್ಯೆ ಇದೆ. ಯಾವ ಕೆಲಸ ಯಾವುದಕ್ಕಾಗಿ ಕಾದು ಕುಳಿತಿದೆ ಎಂಬುದನ್ನು ಮುಂಚಿತವಾಗಿಯೇ ಕಾಣುವ ಕಣ್ಣು ಅದು. ಆ ಕಣ್ಣು ತೆರೆದವನಿಗೆ ಪ್ರಮಾಣಪತ್ರ ಭೂಷಣ. ತೆರೆಯದವನಿಗೆ ಅದು ಗೋಡೆಗೆ ತೂಗುಹಾಕುವ ಚೌಕಟ್ಟು ಮಾತ್ರ. ಇದನ್ನು ಸಾಧ್ಯವಾದಷ್ಟು ಸರಳವಾಗಿ ನಿಮ್ಮ ಮುಂದೆ ಇಡುವುದೇ ಇಂದಿನ ನಮ್ಮ ಉದ್ದೇಶ.

ಮೊದಲು ಮಾತಿನ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ನಿತ್ಯವೂ ನಡೆಯುವ ಕೆಲಸ ಒಂದು ಬಗೆ. ಒಮ್ಮೆ ತೊಡಗಿ ಒಮ್ಮೆ ಮುಗಿಯುವ ಕೆಲಸ ಇನ್ನೊಂದು ಬಗೆ. ಶಾಲೆಯಲ್ಲಿ ಪ್ರತಿದಿನ ಪಾಠ ಹೇಳುವುದು ಮೊದಲನೆಯದು. ಅದೇ ಶಾಲೆಗೆ ಎರಡು ಹೊಸ ಕೊಠಡಿ ಕಟ್ಟಿಸುವುದು ಎರಡನೆಯದು. ಎರಡನೆಯದಕ್ಕೆ ಆದಿ ಉಂಟು, ಅಂತ್ಯ ಉಂಟು, ಕೊನೆಯಲ್ಲಿ ಹಿಂದೆ ಇಲ್ಲದಿದ್ದ ವಸ್ತುವೊಂದು ಕೈಗೆ ಬರುವುದುಂಟು. ಇಂಥದನ್ನೇ ಇಂಗ್ಲಿಷಿನವರು ಪ್ರಾಜೆಕ್ಟ್ ಎನ್ನುತ್ತಾರೆ. ನಾವು ಕಾರ್ಯಯೋಜನೆ ಎನ್ನೋಣ. ನಿತ್ಯದ ಕೆಲಸದಲ್ಲಿ ತಪ್ಪಿದರೆ ನಾಳೆ ತಿದ್ದಿಕೊಳ್ಳಬಹುದು. ಕಾರ್ಯಯೋಜನೆಗೆ ನಾಳೆಗಳು ಎಣಿಸಿಟ್ಟಷ್ಟೇ. ಕಾಲ, ಹಣ, ಕೆಲಸದ ವ್ಯಾಪ್ತಿ ಈ ಮೂರೂ ಒಂದೇ ಹಗ್ಗದ ಮೂರು ಎಳೆಗಳು; ಒಂದನ್ನು ಎಳೆದರೆ ಉಳಿದೆರಡೂ ಅಲುಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದ ಮಾತಿನಲ್ಲಿ ಈ ಶಾಸ್ತ್ರದ ಮೊದಲ ಪಾಠ ಅಡಗಿದೆ.

ದೊಡ್ಡ ಕೆಲಸಗಳನ್ನು ಮನುಷ್ಯರು ಹಿಂದಿನಿಂದಲೂ ಮಾಡುತ್ತ ಬಂದಿದ್ದಾರೆ. ಆದರೆ ಅದನ್ನು ಕಲಿಯಬಹುದಾದ, ಕಲಿಸಬಹುದಾದ ಶಾಸ್ತ್ರವಾಗಿ ರೂಪಿಸಿದ್ದು ಇಪ್ಪತ್ತನೆಯ ಶತಮಾನ. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ ಎಂಬಾತ, 1919ರಲ್ಲಿ ತೀರಿಕೊಂಡವನು, ಪ್ರತಿಯೊಂದು ಕೆಲಸಕ್ಕೂ ಒಂದು ಅಡ್ಡಪಟ್ಟಿ ಎಳೆದು, ಯಾವುದು ಎಂದು ತೊಡಗಿ ಎಂದು ಮುಗಿಯಬೇಕೆಂಬುದನ್ನು ಒಂದೇ ಹಾಳೆಯಲ್ಲಿ ಕಾಣುವಂತೆ ಮಾಡಿದನು. ಇಂದಿಗೂ ಆ ನಕ್ಷೆ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಆದರೆ ಅಡ್ಡಪಟ್ಟಿಗಳು ಯಾವುದು ಯಾವಾಗ ಎಂಬುದನ್ನು ತೋರಿಸುವಷ್ಟು ಚೆನ್ನಾಗಿ ಯಾವುದು ಯಾವುದರ ಮೇಲೆ ನಿಂತಿದೆ ಎಂಬುದನ್ನು ತೋರಿಸುವುದಿಲ್ಲ. ಆ ಕೊರತೆಯನ್ನು ತುಂಬಿದ ಕೀರ್ತಿ ಎರಡು ತಂಡಗಳಿಗೆ ಸಲ್ಲುತ್ತದೆ. 1957ರ ಸುಮಾರಿಗೆ ಡುಪಾಂಟ್ ಎಂಬ ರಾಸಾಯನಿಕ ಸಂಸ್ಥೆಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್ಯಾಂಡ್ ಸಂಸ್ಥೆಯ ಜೇಮ್ಸ್ ಕೆಲಿ ಇವರು ನಿರ್ಣಾಯಕ ಪಥದ ಕ್ರಮವನ್ನು ಕಂಡುಹಿಡಿದರು. 1958ರಲ್ಲಿ ಅಮೆರಿಕದ ನೌಕಾಪಡೆಯವರು ಪೊಲಾರಿಸ್ ಎಂಬ ಕ್ಷಿಪಣಿಯ ಕೆಲಸಕ್ಕಾಗಿ ಪರ್ಟ್ ಎಂಬ ಕ್ರಮವನ್ನು ಬಳಕೆಗೆ ತಂದರು. ಒಂದು ಕಾರ್ಖಾನೆಯಲ್ಲಿ ಹುಟ್ಟಿತು, ಇನ್ನೊಂದು ಯುದ್ಧಸನ್ನಾಹದಲ್ಲಿ. ಎರಡರ ತಿರುಳೂ ಒಂದೇ.

ಈ ತಿರುಳನ್ನು ದೂರದ ಉದಾಹರಣೆಯಿಂದ ವಿವರಿಸುವ ಅಗತ್ಯವಿಲ್ಲ. ನಮ್ಮ ಸಂಘ ಹೊರತರುವ ಸ್ಮರಣ ಸಂಚಿಕೆಯನ್ನೇ ತೆಗೆದುಕೊಳ್ಳೋಣ. ಲೇಖನಗಳನ್ನು ತರಿಸಲು 20 ದಿನ, ಅಕ್ಷರ ಜೋಡಣೆಗೆ 7 ದಿನ, ಕರಡು ತಿದ್ದಲು 5 ದಿನವೆಂದು ಇಟ್ಟುಕೊಳ್ಳಿ. ಇವು ಒಂದರ ಹಿಂದೊಂದು ನಡೆಯತಕ್ಕವು. ಕೈಗೆ ಬಾರದ ಲೇಖನವನ್ನು ಯಾರೂ ಜೋಡಿಸಲಾರರು, ಜೋಡಿಸದ ಪುಟವನ್ನು ಯಾರೂ ತಿದ್ದಲಾರರು. ಇದೇ ವೇಳೆಯಲ್ಲಿ ಬೇರೆಯವರು ಜಾಹೀರಾತು ಸಂಗ್ರಹಿಸಲು 24 ದಿನ ತೆಗೆದುಕೊಂಡು, 3 ದಿನದಲ್ಲಿ ಅವುಗಳ ಪುಟಗಳನ್ನು ಸಿದ್ಧಮಾಡುತ್ತಾರೆ. ಮುಖಪುಟದ ಚಿತ್ರಕ್ಕೆ 6 ದಿನ ಸಾಕು. ಈ ಮೂರೂ ಸಾಲುಗಳು ಬಂದು ಸೇರಿದ ಮೇಲೆಯೇ ಮುದ್ರಣ; ಅದಕ್ಕೆ 8 ದಿನ. ಅನಂತರ ಹೊಲಿಗೆ, ಅದಕ್ಕೆ 3 ದಿನ.

ಈಗ ಲೆಕ್ಕ ಹಾಕಿ. ಲೇಖನಗಳ ಸಾಲು 32 ದಿನ. ಜಾಹೀರಾತಿನ ಸಾಲು 27. ಮುಖಪುಟದ ಸಾಲು 6. ಮುದ್ರಣ, ಹೊಲಿಗೆ ಸೇರಿ 11. ಅತಿ ಉದ್ದವಾದ ದಾರಿ ಲೇಖನಗಳದು. ಸಂಚಿಕೆ ಹೊರಬರಲು 43 ದಿನ ಬೇಕು. ಈ ಉದ್ದವಾದ ದಾರಿಯೇ ನಿರ್ಣಾಯಕ ಪಥ. ಇದರ ಮೇಲೆ ಒಬ್ಬ ಲೇಖಕರು ಒಂದು ದಿನ ತಡಮಾಡಿದರೆ ಇಡೀ ಸಂಚಿಕೆ ಒಂದು ದಿನ ತಡವಾಗುತ್ತದೆ. ಜಾಹೀರಾತಿನವರು 5 ದಿನ ತಡಮಾಡಿದರೂ ಚಿಂತೆಯಿಲ್ಲ; ಆ 5 ದಿನ ಅವರ ಬಿಡುವು. ಮುಖಪುಟದ ಚಿತ್ರಕಾರನಿಗಂತೂ 26 ದಿನಗಳ ಬಿಡುವಿದೆ. ಆದರೂ ನಮ್ಮ ಸಂಘಗಳಲ್ಲಿ ನಡೆಯುವುದೇನು? ಕಣ್ಣಿಗೆ ಮೊದಲು ಕಾಣುವುದು ಮುಖಪುಟವಾದ್ದರಿಂದ ಚಿತ್ರಕಾರನ ಮನೆಗೆ ದಿನಕ್ಕೆರಡು ಸಲ ಹೋಗಿ ಅವಸರಪಡಿಸುತ್ತೇವೆ; ಲೇಖನ ಕೊಡಬೇಕಾದ ದೊಡ್ಡವರನ್ನು ಕೇಳಲು ಸಂಕೋಚಪಡುತ್ತೇವೆ. ಆತುರವೆಲ್ಲ ಬಿಡುವಿದ್ದ ಕಡೆ, ಸಂಕೋಚವೆಲ್ಲ ಬಿಡುವಿಲ್ಲದ ಕಡೆ!

ಇಲ್ಲಿಯೇ ಇನ್ನೊಂದು ಸೂಕ್ಷ್ಮವಿದೆ. ಹೇಗೋ ಒತ್ತಾಯಪಡಿಸಿ ಲೇಖನಗಳನ್ನು 20ರ ಬದಲು 13 ದಿನಗಳಲ್ಲಿ ತರಿಸಿದಿರೆಂದು ಭಾವಿಸಿ. ಉಳಿಯುವುದು 7 ದಿನವೆಂದು ಹಿಗ್ಗುವಿರಿ. ಆದರೆ ಲೇಖನಗಳ ಸಾಲು 25ಕ್ಕೆ ಇಳಿದ ಕೂಡಲೇ 27 ದಿನಗಳ ಜಾಹೀರಾತಿನ ಸಾಲು ಅತಿ ಉದ್ದದ್ದಾಗುತ್ತದೆ. ಒಟ್ಟು ಕಾಲ 38 ದಿನ. ಉಳಿದದ್ದು 5 ಮಾತ್ರ. ನಿರ್ಣಾಯಕ ಪಥ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಕೆಲಸ ಸಾಗಿದಂತೆ ಅದು ಸ್ಥಾನ ಬದಲಾಯಿಸುತ್ತದೆ. ಆದಕಾರಣ ಒಮ್ಮೆ ನಕ್ಷೆ ಬರೆದು ಮಡಿಸಿಡುವವನು ಯೋಜಕನಲ್ಲ. ವಾರವಾರವೂ ಅದನ್ನು ಬಿಚ್ಚಿ ನೋಡುವವನು ಯೋಜಕ.

ದಿನಗಳ ಎಣಿಕೆ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಪರ್ಟ್ ಕ್ರಮದವರು ಇದಕ್ಕೊಂದು ಸೊಗಸಾದ ಉಪಾಯ ಹೇಳುತ್ತಾರೆ. ಎಲ್ಲವೂ ಚೆನ್ನಾಗಿ ನಡೆದರೆ ಎಷ್ಟು ದಿನ, ಸಾಮಾನ್ಯವಾಗಿ ಎಷ್ಟು, ಎಲ್ಲವೂ ಕೆಟ್ಟರೆ ಎಷ್ಟು ಎಂದು ಮೂರು ಪ್ರಶ್ನೆ ಕೇಳಿರಿ. ಸಾಮಾನ್ಯದ ಎಣಿಕೆಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿರಿ. ಲೇಖನಗಳಿಗೆ ಶೀಘ್ರವೆಂದರೆ 12, ಸಾಮಾನ್ಯವಾಗಿ 20, ತಡವೆಂದರೆ 40 ದಿನವಾದರೆ, ಫಲ 22 ದಿನ. ಈ ಎರಡು ದಿನಗಳ ಹೆಚ್ಚಳ ಎಲ್ಲಿಂದ ಬಂತು? ಕೆಲಸ ಕೆಡುವ ದಾರಿಗಳು ಬೇಗ ಮುಗಿಯುವ ದಾರಿಗಳಿಗಿಂತ ಹೆಚ್ಚು ಎಂಬ ಲೋಕಾನುಭವದಿಂದ ಬಂತು. ಮುಹೂರ್ತ ನೋಡಿ ದಿನ ಗೊತ್ತುಮಾಡಿ, ಆಮೇಲೆ ಕೆಲಸವನ್ನು ಅದರೊಳಗೆ ತುರುಕುವ ಅಭ್ಯಾಸಕ್ಕೆ ಇದು ಒಳ್ಳೆಯ ಮದ್ದು.

ಹಣದ ವಿಷಯದಲ್ಲಿಯೂ ಹೀಗೆಯೇ ಒಂದು ಸರಳವಾದ ಅಳತೆಗೋಲಿದೆ. ಶಾಲೆಯ ಸುತ್ತಿನ ಗೋಡೆಯನ್ನು ಹತ್ತು ದಿನಗಳಲ್ಲಿ ಹತ್ತು ಅಂಕಣವಾಗಿ ಕಟ್ಟಬೇಕು. ಅಂಕಣವೊಂದಕ್ಕೆ 10,000 ರೂಪಾಯಿ. ಐದು ದಿನ ಕಳೆದವು. 45,000 ರೂಪಾಯಿ ಖರ್ಚಾಯಿತು. ಸಮಿತಿಯವರು, ಐದು ದಿನಕ್ಕೆ 50,000 ಎಂದಿತ್ತು, 5,000 ಉಳಿಸಿದೆವು ಎಂದು ಸಂತೋಷಪಡುತ್ತಾರೆ. ಆದರೆ ಎದ್ದು ನಿಂತ ಅಂಕಣಗಳೆಷ್ಟು? ನಾಲ್ಕು. ಎಂದರೆ ಗಳಿಸಿದ ಕೆಲಸದ ಬೆಲೆ 40,000, ಕೊಟ್ಟ ಹಣ 45,000. ಉಳಿತಾಯವೆಂದು ಕಂಡದ್ದು ವಾಸ್ತವವಾಗಿ ನಷ್ಟ. ಕಾಲದಲ್ಲಿಯೂ ಒಂದು ಅಂಕಣದಷ್ಟು ಹಿಂದೆ. ಇದೇ ದರದಲ್ಲಿ ಸಾಗಿದರೆ ಗೋಡೆ ಮುಗಿಯುವ ಹೊತ್ತಿಗೆ 1,00,000ಕ್ಕೆ ಬದಲಾಗಿ 1,12,500 ರೂಪಾಯಿ ಬೇಕಾಗುತ್ತದೆ. ಇದು ಐದನೆಯ ದಿನವೇ ತಿಳಿದರೆ ದಾನಿಗಳ ಬಳಿಗೆ ಹೋಗಲು ಸಮಯವಿದೆ. ಹತ್ತನೆಯ ದಿನ ತಿಳಿದರೆ ಅರ್ಧ ಗೋಡೆಯ ಮುಂದೆ ನಿಂತು ಒಬ್ಬರ ಮುಖ ಒಬ್ಬರು ನೋಡುವುದಷ್ಟೇ ಉಳಿಯುತ್ತದೆ. ಪರೀಕ್ಷೆಯ ಗ್ರಂಥಗಳಲ್ಲಿ ಇದಕ್ಕೆ ಅರ್ನ್ಡ್ ವ್ಯಾಲ್ಯೂ ಎಂದು ಹೆಸರು. ಹೆಸರು ಹೊಸದಿರಬಹುದು, ನೆಟ್ಟ ಬೆಳೆಯನ್ನಲ್ಲ, ಕಣಕ್ಕೆ ಬಂದ ಕಾಳನ್ನು ಎಣಿಸಬೇಕೆಂಬ ರೈತನ ವಿವೇಕಕ್ಕಿಂತ ಇದು ಬೇರೆಯಲ್ಲ.

ಮಿತ್ರರೆ, ಇವೆಲ್ಲ ಹಾಳೆಯ ಮೇಲಿನ ಲೆಕ್ಕಗಳೆಂದು ತೋರಬಹುದು. ಆದುದರಿಂದ ನಮ್ಮ ಸೀಮೆಯ ಬಾಯಿಗೆ ನೀರು ಕೊಡುವ ತುಂಗಭದ್ರೆಯ ಕಡೆಗೆ ನಿಮ್ಮ ದೃಷ್ಟಿಯನ್ನು ತಿರುಗಿಸುತ್ತೇವೆ. ಆ ಅಣೆಕಟ್ಟೆಯ ಕೆಲಸ 1945ರಲ್ಲಿ ಹೈದರಾಬಾದು, ಮದರಾಸು ಎಂಬ ಎರಡು ಸರಕಾರಗಳ ಕೈಯಲ್ಲಿ ತೊಡಗಿ 1953ರಲ್ಲಿ ಮುಗಿಯಿತು. ಕೆಳಮಟ್ಟದ ಕಾಲುವೆ ಆದೋನಿಯ ಕಡೆಗೂ ಮೇಲ್ಮಟ್ಟದ ಕಾಲುವೆ ಅನಂತಪುರ ಜಿಲ್ಲೆಯ ಕಡೆಗೂ ಹರಿದು ಬಂದುದು ಆ ಅಣೆಕಟ್ಟೆಯಿಂದ. ಗಡಿಗೆರೆ ಎಲ್ಲಿಯೇ ಬಿದ್ದಿರಲಿ, ಆ ನೀರಿಗೆ ಕಾದ ಹೊಲಗಳು ಈಚೆಯೂ ಇವೆ, ಆಚೆಯೂ ಇವೆ.

2024ರ ಆಗಸ್ಟ್ 10ರ ರಾತ್ರಿ ಆ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟು ಕೊಚ್ಚಿಹೋದದ್ದು ನಿಮಗೆಲ್ಲ ವಿದಿತವಾದ ವಿಷಯ. ಜಲಾಶಯ ಆಗ ತುಂಬಿತ್ತು. ಸುಮಾರು 105 ಟಿ.ಎಂ.ಸಿ. ಅಡಿ ನೀರು ಹಿಂದೆ ನಿಂತಿರಲು, 60 ಅಡಿ ಅಗಲ 20 ಅಡಿ ಎತ್ತರದ ಬಾಗಿಲೊಂದು ಇಲ್ಲವಾಯಿತು. ಅಣೆಕಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಕಾಲುವೆಯ ಕೊನೆಯಂಚಿನ ರೈತರ ಮನಸ್ಸಿನಲ್ಲಿ ಅಂದು ಇದ್ದುದು ಒಂದೇ ಪ್ರಶ್ನೆ: ಮುಂಗಾರಿನ ಪೈರಿಗೆ ನೀರು ಉಳಿಯುವುದೇ?

ಈ ಸಂದರ್ಭವನ್ನು ಕಾರ್ಯಯೋಜನೆಯ ಕಣ್ಣಿನಿಂದ ನೋಡಿ. ಸಾಮಾನ್ಯರಿಗೆ ತೋರುವ ದಾರಿ ಒಂದೇ. ನೀರೆಲ್ಲ ಗೇಟಿನ ತಳಮಟ್ಟಕ್ಕೆ ಇಳಿಯಲಿ, ಆಮೇಲೆ ಹೊಸ ಗೇಟು ಕೂಡಿಸೋಣ. ಆದರೆ ಆ ದಾರಿಯಲ್ಲಿ ಎಲ್ಲ ಕೆಲಸಗಳೂ ನೀರು ಇಳಿಯುವುದಕ್ಕಾಗಿ ಕಾದು ಕುಳಿತಿರುತ್ತವೆ. ನೀರು ಇಳಿದಷ್ಟೂ ಬೆಳೆ ಕೆಡುತ್ತದೆ. ಆ ಕೆಲಸದ ನೇತೃತ್ವಕ್ಕೆ ಬಂದ ಗೇಟುಗಳ ತಜ್ಞ, ನಿವೃತ್ತ ಎಂಜಿನಿಯರ್ ಕನ್ಹಯ್ಯ ನಾಯ್ಡು ಅವರೂ ಅಣೆಕಟ್ಟೆಯ ಎಂಜಿನಿಯರುಗಳೂ ಆ ಅವಲಂಬನೆಯನ್ನೇ ಕಡಿದರು. ಇಡಿಯ ಗೇಟಿನ ಬದಲು ತುಂಡು ತುಂಡಾದ ತಡೆಹಲಗೆಗಳನ್ನು, ಒಂದೊಂದೂ ನಾಲ್ಕಡಿ ಎತ್ತರದಂತೆ ಐದನ್ನು, ಹರಿಯುವ ನೀರಿನಲ್ಲಿಯೇ ಒಂದರ ಮೇಲೊಂದು ಇಳಿಸುವ ನಿರ್ಧಾರವಾಯಿತು. ಆಗ ಕೆಲಸಗಳು ಸಾಲಾಗಿ ನಿಲ್ಲದೆ ಅಕ್ಕಪಕ್ಕದಲ್ಲಿ ನಡೆಯತೊಡಗಿದವು. ಹತ್ತಿರದ ಕಾರ್ಖಾನೆಗಳಲ್ಲಿ ಹಲಗೆಗಳು ಸಿದ್ಧವಾಗುತ್ತಿರಲು, ಇತ್ತ ಅಣೆಕಟ್ಟೆಯ ಮೇಲೆ ಕ್ರೇನುಗಳು ಬಂದವು. ಅಡ್ಡವಾಗಿದ್ದ ಸಲಕರಣೆಗಳ ತೆರವು ನಡೆಯಿತು. ಆಗಸ್ಟ್ 16ರಂದು ಮೊದಲ ಹಲಗೆ ಇಳಿಯಿತು. 17ರಂದು ಕೆಲಸ ಪೂರ್ಣವಾಯಿತು. ಸುಮಾರು 70 ಟಿ.ಎಂ.ಸಿ. ಅಡಿ ನೀರು ಜಲಾಶಯದಲ್ಲಿ ಉಳಿಯಿತು. ಅನಂತರ ಬಂದ ಮಳೆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಟ್ಟಿತು. ಒಂದು ವಾರದ ಈ ಕೆಲಸದಲ್ಲಿ ಕಾರ್ಯವಿಭಜನೆ ಇದೆ, ನಿರ್ಣಾಯಕ ಪಥವಿದೆ, ಸಾಲಿನ ಕೆಲಸವನ್ನು ಪಕ್ಕಕ್ಕೆ ತರುವ ಚಾತುರ್ಯವಿದೆ. ಪುಸ್ತಕದ ಹತ್ತು ಅಧ್ಯಾಯಗಳು ಅಲ್ಲಿ ನೀರಿನ ಮೇಲೆ ನಿಂತು ಪಾಠ ಹೇಳಿದವು.

ಅದೇ ಘಟನೆ ಇನ್ನೊಂದು ಅಧ್ಯಾಯವನ್ನೂ ಬೋಧಿಸುತ್ತದೆ. ಅದು ಅಪಾಯದ ಅಧ್ಯಾಯ. ಕೊಚ್ಚಿಹೋದ ಗೇಟಿನ ಜಾಗಕ್ಕೆ ಒಡನೆಯೇ ಇಳಿಸಬಹುದಾದ ತಡೆಹಲಗೆಗಳು ಮೊದಲೇ ಸಿದ್ಧವಾಗಿರಲಿಲ್ಲ. ಅವನ್ನು ಆಗ ತಯಾರಿಸಬೇಕಾಯಿತು. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆಯನ್ನು ಈ ಶಾಸ್ತ್ರ ಒಂದು ಕೋಷ್ಟಕವಾಗಿ ಬರೆಯುತ್ತದೆ. ಕೆಡಬಹುದಾದುದು ಯಾವುದು, ಕೆಡುವ ಸಂಭವವೆಷ್ಟು, ಕೆಟ್ಟರೆ ಹಾನಿ ಎಷ್ಟು, ಅದಕ್ಕೆ ಮಾಡಿಟ್ಟ ಸಿದ್ಧತೆ ಏನು, ನೋಡಿಕೊಳ್ಳುವವರು ಯಾರು ಎಂಬ ಐದು ಕಲಂಗಳು ಸಾಕು. ಕೊನೆಯ ಕಲಂ ಎಲ್ಲಕ್ಕಿಂತ ಮುಖ್ಯ. ಎಲ್ಲರೂ ನೋಡಿಕೊಳ್ಳತಕ್ಕದ್ದೆಂದು ಬರೆದರೆ ಯಾರೂ ನೋಡುವುದಿಲ್ಲ. ಒಬ್ಬರ ಹೆಸರು ಬರೆದರೆ ಅವರಿಗೆ ನಿದ್ರೆ ಕಡಿಮೆಯಾದರೂ ಊರಿಗೆ ನಿದ್ರೆ ಬರುತ್ತದೆ.

ಆದರೆ ಎಲ್ಲ ಕೆಲಸವನ್ನೂ ಮೊದಲೇ ಕೊನೆಯವರೆಗೆ ಕಾಣಲು ಸಾಧ್ಯವೇ? ಗೋಡೆ ಕಟ್ಟುವಾಗ ಸಾಧ್ಯ. ಕಂಪ್ಯೂಟರಿನ ಕೆಲಸಗಳಲ್ಲಿ, ಬಳಸುವವನಿಗೆ ತನಗೇನು ಬೇಕೆಂಬುದು ಅರ್ಧ ಕೈಗೆ ಬಂದ ಮೇಲೆಯೇ ತಿಳಿಯುವುದುಂಟು. ಇದನ್ನು ಕಂಡ ಹದಿನೇಳು ಮಂದಿ 2001ರ ಫೆಬ್ರುವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದಲ್ಲಿ ಸೇರಿ ಅಜೈಲ್ ಎಂಬ ಪ್ರಣಾಳಿಯನ್ನು ಪ್ರಕಟಿಸಿದರು. ಸ್ವಲ್ಪ ಮಾಡಿ ತೋರಿಸು, ಅಭಿಪ್ರಾಯ ಕೇಳು, ತಿದ್ದಿಕೊಂಡು ಮುಂದೆ ಸಾಗು ಎಂಬುದು ಅದರ ಸಾರ. ನೇಯ್ಗೆಗೆ ಹಾಸು, ಹೊಕ್ಕು ಎರಡೂ ಬೇಕಾದಂತೆ, ಮುಂದಾಲೋಚನೆಯ ಕ್ರಮವೂ ತಿದ್ದುಪಾಟಿನ ಕ್ರಮವೂ ಇಂದಿನ ಪರೀಕ್ಷೆಯಲ್ಲಿ ಜೊತೆಯಾಗಿ ಬಂದಿವೆ.

ಇನ್ನು ಪರೀಕ್ಷೆಯ ಮಾತು. ಈ ವಿದ್ಯೆಗೆ ಪ್ರಮಾಣಪತ್ರ ಕೊಡುವ ಸಂಸ್ಥೆಗಳು ಹಲವು. ಇಂಗ್ಲೆಂಡಿನಲ್ಲಿ 1996ರಿಂದ ಪ್ರಿನ್ಸ್-2 ಎಂಬುದು ಪ್ರಚಾರದಲ್ಲಿದೆ. ನಮ್ಮ ತರುಣರು ಹೆಚ್ಚಾಗಿ ಕೇಳುವುದು ಪಿ.ಎಂ.ಪಿ. ಎಂಬ ಹೆಸರನ್ನು. 1969ರಲ್ಲಿ ಅಮೆರಿಕದಲ್ಲಿ ಸ್ಥಾಪಿತವಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1984ರಿಂದ ಈ ಪರೀಕ್ಷೆಯನ್ನು ನಡೆಸುತ್ತ ಬಂದಿದೆ. 2021ರ ಜನವರಿಯಲ್ಲಿ ಜಾರಿಗೆ ಬಂದ ಕ್ರಮದಲ್ಲಿ 230 ನಿಮಿಷಗಳಲ್ಲಿ 180 ಪ್ರಶ್ನೆಗಳನ್ನು ಉತ್ತರಿಸಬೇಕಾಗಿತ್ತು. ಪ್ರಶ್ನೆಯೊಂದಕ್ಕೆ ಸುಮಾರು 77 ಸೆಕೆಂಡು. ಆ ಕ್ರಮದಲ್ಲಿ ಜನರೊಡನೆ ವ್ಯವಹರಿಸುವ ಭಾಗಕ್ಕೆ ಶೇಕಡ 42, ಕಾರ್ಯಕ್ರಮದ ಭಾಗಕ್ಕೆ 50, ವ್ಯವಹಾರದ ಪರಿಸರಕ್ಕೆ 8 ಎಂದು ಹಂಚಿಕೆ ಇತ್ತು. ಪದವೀಧರರಿಗೆ 36 ತಿಂಗಳು, ಪದವಿ ಇಲ್ಲದವರಿಗೆ 60 ತಿಂಗಳು ಕೆಲಸಗಳನ್ನು ಮುನ್ನಡೆಸಿದ ಅನುಭವ, ಜೊತೆಗೆ 35 ಗಂಟೆಗಳ ಶಿಕ್ಷಣ ಬೇಕೆಂದು ವಿಧಿಸಿದ್ದರು. ಅನುಭವವಿಲ್ಲದ ಹೊಸಬರಿಗೆ ಕ್ಯಾಪ್ಮ್ ಎಂಬ ಕೆಳಮಟ್ಟದ ಪರೀಕ್ಷೆಯೂ ಇದೆ. ಈ ಅಂಕೆಗಳನ್ನು ಸಂಸ್ಥೆಯವರು ಆಗಾಗ ಪರಿಷ್ಕರಿಸುತ್ತಾರೆ. ಆದುದರಿಂದ ಹಳೆಯ ಪುಸ್ತಕವನ್ನು ನಂಬದೆ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಪಠ್ಯಸೂಚಿಯನ್ನೇ ತರಿಸಿಕೊಂಡು ನೋಡತಕ್ಕದ್ದು. ಉತ್ತೀರ್ಣರಾದ ಮೇಲೂ ಮೂರು ವರ್ಷಗಳಿಗೊಮ್ಮೆ, ಕಲಿಕೆ ಮುಂದುವರಿದಿದೆ ಎಂಬುದಕ್ಕೆ ಲೆಕ್ಕ ತೋರಿಸಿ ಅದನ್ನು ನವೀಕರಿಸಬೇಕು.

ಈ ಪರೀಕ್ಷೆಗೆ ಸಿದ್ಧರಾಗುವ ಬಗೆಯನ್ನು ಹೇಳುವ ಅಧಿಕಾರ ಕನ್ನಡ ಪಂಡಿತರಿಗೆ ಎಲ್ಲಿಯದು ಎಂದು ಕೆಲವರು ನಗಬಹುದು. ವಿದ್ವತ್ ಪರೀಕ್ಷೆಗೆ ಓದಿದ ನಮ್ಮಂಥವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಸೂತ್ರ ಬಾಯಿಪಾಠವಾದವನಿಗೆ ಸಂಧಿ ಗೊತ್ತೆಂದು ಹೇಳಲಾಗದು. ಕಾಣದ ಪದ್ಯವೊಂದನ್ನು ಮುಂದಿಟ್ಟಾಗ ಅದನ್ನು ಬಿಡಿಸಬಲ್ಲವನಿಗೆ ಗೊತ್ತು. ಪಿ.ಎಂ.ಪಿ.ಯ ಪ್ರಶ್ನೆಗಳೂ ಅಂಥವೇ. ವ್ಯಾಖ್ಯೆ ಏನೆಂದು ಅವು ಕೇಳುವುದು ವಿರಳ. ಇಬ್ಬರು ಸಹೋದ್ಯೋಗಿಗಳು ಜಗಳವಾಡಿ ಕೆಲಸ ನಿಂತಿದೆ. ಒಡೆಯರು ನಡುವೆ ಹೊಸದೊಂದನ್ನು ಸೇರಿಸಬೇಕೆನ್ನುತ್ತಾರೆ. ಸಾಮಗ್ರಿ ಒದಗಿಸುವವನು ತಡಮಾಡಿದ್ದಾನೆ. ಈಗ ನೀನು ಮೊದಲು ಮಾಡತಕ್ಕದ್ದೇನು? ನಾಲ್ಕು ಉತ್ತರಗಳೂ ಒಳ್ಳೆಯವಾಗಿಯೇ ತೋರುತ್ತವೆ. ಆ 'ಮೊದಲು' ಎಂಬ ಮಾತಿನಲ್ಲಿ ಪರೀಕ್ಷೆಯೆಲ್ಲ ಅಡಗಿದೆ. ಸಾಮಾನ್ಯವಾಗಿ, ಮೇಲಿನವರ ಬಳಿಗೆ ಓಡುವ ಮೊದಲು ಸಂಬಂಧಪಟ್ಟವರೊಡನೆ ನೇರವಾಗಿ ಮಾತನಾಡು, ಬದಲಾವಣೆಗೆ ಒಪ್ಪುವ ಮೊದಲು ಅದರ ಪರಿಣಾಮವನ್ನು ತೂಗಿ ನೋಡು, ಕೆಟ್ಟ ಸುದ್ದಿಯನ್ನು ಮುಚ್ಚಿಡಬೇಡ ಎಂಬ ದಾರಿಯಲ್ಲಿ ಸರಿಯುತ್ತರವಿರುತ್ತದೆ. ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಕಲಿತ ಮಕ್ಕಳಿಗೆ ಇದು ಅಪರಿಚಿತವಲ್ಲ.

ಸಿದ್ಧತೆಗೆ ನಾವು ನಾಲ್ಕು ಸೂಚನೆಗಳನ್ನು ಮುಂದಿಡುತ್ತೇವೆ. ಒಂದನೆಯದು, ಪರೀಕ್ಷೆಯನ್ನೇ ಒಂದು ಕಾರ್ಯಯೋಜನೆಯಾಗಿ ಮಾಡಿಕೊಳ್ಳಿ. ದಿನ ಗೊತ್ತುಪಡಿಸಿ, ವಾರಗಳಾಗಿ ವಿಭಜಿಸಿ, ಕೊನೆಯ ಎರಡು ವಾರಗಳನ್ನು ಬಿಡುವಾಗಿ ಕಾದಿಟ್ಟುಕೊಳ್ಳಿ. ಮನೆಯಲ್ಲಿ ಮದುವೆ, ಜ್ವರ, ಕಚೇರಿಯ ಒತ್ತಡ ಇವು ನಿಮ್ಮ ಅಪಾಯದ ಕೋಷ್ಟಕದಲ್ಲಿ ಇರಲಿ. ಎರಡನೆಯದು, ಓದಿದ ಅಧ್ಯಾಯವನ್ನು ಆ ವಾರವೇ ಕೈಗೆ ಸಿಕ್ಕಿದ ಒಂದು ಕೆಲಸಕ್ಕೆ ಅನ್ವಯಿಸಿ ಒಂದು ಪುಟ ಬರೆಯಿರಿ. ಅಕ್ಕನ ಮದುವೆಯಾದರೂ ಸರಿ, ದೇವಸ್ಥಾನದ ಜಾತ್ರೆಯಾದರೂ ಸರಿ. ಮೂರನೆಯದು, ಅಭ್ಯಾಸದ ಪ್ರಶ್ನೆಪತ್ರಿಕೆಗಳಲ್ಲಿ ತಪ್ಪಿದ ಉತ್ತರಗಳಿಗೆ ಒಂದು ಪ್ರತ್ಯೇಕ ಪುಸ್ತಕ ಇಡಿ. ತಿಳಿಯದೆ ತಪ್ಪಿದ್ದು, ಅವಸರದಲ್ಲಿ ತಪ್ಪಿದ್ದು, ಪ್ರಶ್ನೆಯನ್ನು ಸರಿಯಾಗಿ ಓದದೆ ತಪ್ಪಿದ್ದು ಎಂದು ಮೂರು ಕಲಂ ಮಾಡಿರಿ. ಯಾವ ಕಲಂ ಉದ್ದವಾಗುತ್ತದೆಯೋ ಮದ್ದು ಅಲ್ಲಿಗೆ ಬೇಕು. ಅವಸರದ ಕಾಯಿಲೆಗೆ ಹೊಸ ಪುಸ್ತಕ ಕೊಂಡರೆ ಗುಣವಾಗದು. ನಾಲ್ಕನೆಯದು, ಪಟ್ಟಿಗಳ ಬಾಯಿಪಾಠಕ್ಕೆ ಕಟ್ಟುಬೀಳಬೇಡಿ. ಈ ಸಂಸ್ಥೆಯ ಮಾರ್ಗದರ್ಶಿ ಗ್ರಂಥದ ಆರನೆಯ ಆವೃತ್ತಿಯಲ್ಲಿ, 2017ರಲ್ಲಿ, 49 ಪ್ರಕ್ರಿಯೆಗಳಿದ್ದವು. ಅವನ್ನು ಉರುಹೊಡೆದವರು ಅಸಂಖ್ಯಾತರು. 2021ರ ಏಳನೆಯ ಆವೃತ್ತಿ ಆ ಕಟ್ಟಡವನ್ನೇ ಬದಲಿಸಿ 12 ತತ್ತ್ವಗಳನ್ನು ಮುಂದಿಟ್ಟಿತು. ಪಟ್ಟಿ ಹೋಯಿತು; ಅರ್ಥಮಾಡಿಕೊಂಡವನ ಬುದ್ಧಿ ಉಳಿಯಿತು.

ಭಾಷೆಯ ವಿಷಯವನ್ನು ಇಲ್ಲಿ ಹೇಳದೆ ಬಿಡಲಾಗದು. ಈ ಪರೀಕ್ಷೆ ಕನ್ನಡದಲ್ಲಿ ಇಲ್ಲ. ನಮ್ಮವರು ಬರೆಯುವುದು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಅದಕ್ಕಾಗಿ ಇಂಗ್ಲಿಷಿನ ಓದನ್ನು ಚುರುಕುಮಾಡಿಕೊಳ್ಳಿ. ಅದರಲ್ಲಿ ಕೀಳರಿಮೆಯೂ ಬೇಡ, ಬಿಂಕವೂ ಬೇಡ. ಆದರೆ ತಿಳಿವಳಿಕೆಗೆ ಪರಭಾಷೆಯ ಬಾಗಿಲೊಂದೇ ಎಂದು ತಿಳಿಯಬೇಡಿ. ಈಗ ನಿಮ್ಮ ಮುಂದೆ ಇಟ್ಟ ನಿರ್ಣಾಯಕ ಪಥ, ಬಿಡುವು, ಗಳಿಸಿದ ಬೆಲೆ ಇವೆಲ್ಲ ಕನ್ನಡದಲ್ಲಿಯೇ ನಿಂತವಲ್ಲವೆ? ಕಷ್ಟದ ಅಧ್ಯಾಯವನ್ನು ರಾತ್ರಿ ತಾಯಿಗೋ ತಮ್ಮನಿಗೋ ಕನ್ನಡದಲ್ಲಿ ಹೇಳಿ ನೋಡಿ. ಅವರಿಗೆ ಅರ್ಥವಾದರೆ ನಿಮಗೆ ಬಂದಿದೆ. ಆಗದಿದ್ದರೆ ನಿಮಗೆ ಬಂದಿರುವುದು ಇಂಗ್ಲಿಷಿನ ಪದಗಳು ಮಾತ್ರ. ಇಷ್ಟು ಕಡಿಮೆ ಖರ್ಚಿನ ಪರೀಕ್ಷಕರು ಬೇರೆ ಎಲ್ಲಿಯೂ ದೊರೆಯರು.

ಕಡೆಯದಾಗಿ ನೀತಿಯ ಮಾತು. ಸಂಸ್ಥೆಯವರು ತಮ್ಮ ಸದಸ್ಯರಿಗೆ ಹೊಣೆಗಾರಿಕೆ, ಗೌರವ, ನ್ಯಾಯ, ಪ್ರಾಮಾಣಿಕತೆ ಎಂಬ ನಾಲ್ಕು ಧರ್ಮಗಳನ್ನು ವಿಧಿಸಿದ್ದಾರೆ. ಪೇಟೆಯಲ್ಲಿ ಮಾತ್ರ ಬೇರೆ ಸರಕೂ ಮಾರಾಟಕ್ಕಿದೆ. ನಿಶ್ಚಿತವಾಗಿ ಉತ್ತೀರ್ಣರಾಗುವಿರಿ ಎಂಬ ಭರವಸೆ, ಕದ್ದು ತಂದ ಪ್ರಶ್ನೆಗಳು, ಮಾಡದ ಕೆಲಸವನ್ನು ಮಾಡಿದಂತೆ ಬರೆದುಕೊಡುವ ಅನುಭವಪತ್ರ ಎಲ್ಲವೂ ಅಲ್ಲಿ ಸಿಗುತ್ತವೆ. ತಂದೆ ಎತ್ತು ಮಾರಿದ ಹಣ ಇಂಥ ಅಂಗಡಿಗೆ ಹೋಗಬಾರದು. ಸಂಸ್ಥೆಯವರು ಕೆಲವು ಅರ್ಜಿಗಳನ್ನು ಆರಿಸಿ ಪರಿಶೀಲಿಸುವರೆಂಬ ಭಯಕ್ಕಿಂತಲೂ ದೊಡ್ಡ ಕಾರಣ ಇನ್ನೊಂದಿದೆ. ಈ ಪ್ರಮಾಣಪತ್ರ ಹಿಡಿದವನ ಮಾತು ನಂಬಿ ನಾಳೆ ಸೇತುವೆ ಏಳುತ್ತದೆ, ಆಸ್ಪತ್ರೆ ಏಳುತ್ತದೆ, ಗೇಟು ಕೂರುತ್ತದೆ. ಸುಳ್ಳು ಲೆಕ್ಕದ ಮೇಲೆ ಏರಿದವನು ಕೆಲಸ ತಡವಾದಾಗಲೂ ಸುಳ್ಳನ್ನೇ ಹೇಳುತ್ತಾನೆ. ಅದರ ಫಲವನ್ನು ಉಣ್ಣುವವರು ಕಾಲುವೆಯ ಕೊನೆಯಲ್ಲಿ ಕಾದವರು.

ಸಂಘದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಊರಿನ ಹತ್ತು ತರುಣರು ಈ ಪರೀಕ್ಷೆಗೆ ಓದುತ್ತಿದ್ದರೆ, ಹತ್ತೂ ಜನ ಹತ್ತು ಕೋಣೆಗಳಲ್ಲಿ ಒಬ್ಬಂಟಿಯಾಗಿ ಓದುವ ಬದಲು, ತಿಂಗಳಿಗೊಮ್ಮೆ ಸಂಘದ ಓದುಮನೆಯಲ್ಲಿ ಸೇರಲಿ. ಒಬ್ಬರು ಒಂದು ಅಧ್ಯಾಯವನ್ನು ಕನ್ನಡದಲ್ಲಿ ಹೇಳಲಿ, ಉಳಿದವರು ಪ್ರಶ್ನಿಸಲಿ. ಮುಂದಿನ ವಾರ್ಷಿಕೋತ್ಸವದ ಕೆಲಸವನ್ನು ಅವರ ಕೈಗೆ ಕೊಡಿ. ಅವರು ನಕ್ಷೆ ಬರೆಯಲಿ, ಅಪಾಯದ ಕೋಷ್ಟಕ ಮಾಡಲಿ, ವಾರವಾರವೂ ಲೆಕ್ಕ ಒಪ್ಪಿಸಲಿ. ಅವರಿಗೆ ಅಭ್ಯಾಸವಾಗುತ್ತದೆ, ಸಂಘಕ್ಕೆ ಕಾಲದಲ್ಲಿ ಸಂಚಿಕೆ ಹೊರಬರುತ್ತದೆ. ಲೇಖನ ಕೊಡಬೇಕಾದ ದೊಡ್ಡವರು ಆ ನಕ್ಷೆಯಲ್ಲಿ ತಮ್ಮ ಹೆಸರನ್ನು ನಿರ್ಣಾಯಕ ಪಥದ ಮೇಲೆ ಕಂಡು ಬೇಸರಿಸದಿರಲಿ. ನಮ್ಮ ಹೆಸರೂ ಅಲ್ಲಿಯೇ ಇರುತ್ತದೆ.

ಕಾಲವನ್ನು ಕುರಿತು ಮಾತನಾಡುವವರು ಕಾಲವನ್ನು ಮೀರಬಾರದು.